ಕಲ್ಲಿನ ಟೋಪಿಯೊಳಗಿನ ರೊಟ್ಟಿ

ನನ್ನ ಗಂಡ ಗಲ್ದ್ರಿಕ್ ಒಳ್ಳೆಯ ಕಲ್ಲುಕುಟಿಗ. ಆದರೆ ಪ್ರಶ್ನೆ ಕೇಳುವ ಅಭ್ಯಾಸ ಮಾತ್ರ ಅವನಿಗೆ ಹುಟ್ಟಿನಿಂದಲೂ ಇಲ್ಲ. ಮದುವೆಯಾದ ಹೊಸದರಲ್ಲಿ ಉಪ್ಪು ತಾ ಎಂದು ಕಳಿಸಿದ್ದೆ. ಯಾವ ಉಪ್ಪು ಎಂದು ಕೇಳದೆ ಹೋಗಿ, ಹಸುಗಳಿಗೆ ನೆಕ್ಕಿಸುವ ಉಪ್ಪಿನ ಗಡ್ಡೆಯನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದಿದ್ದ. ಇಂಥವನ ಕೈಗೆ ನಮ್ಮೂರಿನವರು ಗಣರಾಜ್ಯವನ್ನೇ ಒಪ್ಪಿಸಿಬಿಟ್ಟರು.

ಫ್ರಾನ್ಸಿನ ಕ್ರಾಂತಿಗೆ ನೂರು ವರ್ಷ ತುಂಬುತ್ತಿದ್ದ ವರ್ಷ ಅದು. ಕಣಿವೆಯ ಕೆಳಗಿನ ಊರುಗಳವರೆಲ್ಲ ತಮ್ಮ ತಮ್ಮ ಚೌಕಗಳಲ್ಲಿ, ಗಣರಾಜ್ಯಕ್ಕೆ ಹೆಣ್ಣುರೂಪ ಕೊಟ್ಟ ಮರಿಯಾನಳ ಮೂರ್ತಿ ನಿಲ್ಲಿಸುತ್ತಿದ್ದರು. ನಮ್ಮ ಸೆರಾಲ್ಬಾ ಬೆಟ್ಟದ ಮೇಲಿನ ಊರು. ಇಲ್ಲಿ ಕುರಿಗಳು ಜಾಸ್ತಿ, ಕಲ್ಲು ಅದಕ್ಕಿಂತ ಜಾಸ್ತಿ. ನಮ್ಮ ಮೇಯರ್ ಸೆನ್ನೆನ್‌ಗೆ ಎದೆಯ ಮೇಲೆ ಹಸಿರು ಪಟ್ಟಿಯ ಕೃಷಿ ಪದಕ ತೂಗಾಡಬೇಕೆಂದು ಬಹಳ ಆಸೆ. ಅವನು ಮಾಡಿದ ಕೃಷಿಯೆಂದರೆ ಕಿಟಕಿಯ ಪಕ್ಕದ ಒಂದು ಅಂಜೂರದ ಗಿಡ. ಆದರೂ ಮೂರ್ತಿಯ ನೆಪದಲ್ಲಿ ಜಿಲ್ಲಾ ಕಚೇರಿಯ ಸಾಹೇಬರನ್ನು ಊರಿಗೆ ಕರೆಸಿ, ಊಟ ಹಾಕಿಸಿ, ಅಂಜೂರ ತಿನ್ನಿಸಿದರೆ ಕೆಲಸವಾದೀತು ಎಂಬ ಲೆಕ್ಕಾಚಾರ ಅವನದು.

"ಕಬ್ಬಿಣದ ಮರಿಯಾನ್ ನಮಗೆ ಬೇಡ್ರಪ್ಪ," ಎಂದ ಸೆನ್ನೆನ್. "ಅದು ತುಕ್ಕು ಹಿಡಿಯುತ್ತೆ. ನಮ್ಮ ಬೆಟ್ಟದಲ್ಲೇ ಗುಲಾಬಿ ಅಮೃತಶಿಲೆ ಇದೆ, ನಮ್ಮ ಗಲ್ದ್ರಿಕ್ ಇದ್ದಾನೆ. ಇನ್ನೇನು ಬೇಕು?"

ಮೂರ್ತಿ ಹೇಗಿರಬೇಕೆಂದು ಹೇಳಿದವರು ಎವ್ರಾರ್ ಮೇಷ್ಟ್ರು. ಉತ್ತರದ ಕಡೆಯವರು, ನಮ್ಮೂರಿಗೆ ಬಂದು ಹೆಚ್ಚು ದಿನವಾಗಿರಲಿಲ್ಲ. "ಎಡಗೈಯಲ್ಲಿ ಫಲಕ, ಬಲಗೈ ಎದೆ ಮೇಲೆ, ತಲೆ ಮೇಲೆ ಸ್ವಾತಂತ್ರ್ಯದ ಕೆಂಪು ಟೋಪಿ," ಎಂದರು. ಗಲ್ದ್ರಿಕ್ "ಹೂಂ" ಎಂದ. ಅಷ್ಟೇ ಅವರಿಬ್ಬರ ನಡುವೆ ಆದ ಮಾತು.

ಮೇಷ್ಟ್ರ ಕಡೆ ಏನೋ ಗೊತ್ತಿಲ್ಲ, ನಮ್ಮ ಕಣಿವೆಯಲ್ಲಿ ಕೆಂಪು ಟೋಪಿ ಎಂದರೆ ಒಂದೇ: ಬರೆಟೀನ. ಉಣ್ಣೆಯದು, ಚೀಲದ ಹಾಗೆ ಉದ್ದಕ್ಕೆ, ತಲೆಗಿಟ್ಟರೆ ತುದಿ ಭುಜದ ಮೇಲೆ ಬಿದ್ದಿರುತ್ತದೆ. ಹಬ್ಬಕ್ಕೆ ಕೆಂಪು, ವಯಸ್ಸಾದ ಮೇಲೆ ಕಂದು, ಸೂತಕಕ್ಕೆ ಕಪ್ಪು. ಗಂಡಸರಿಗೆ ಅದೇ ಜೇಬು ಸಹ. ಹೊಗೆಸೊಪ್ಪು, ಚಾಕು, ಗಿಣ್ಣಿನ ತುಂಡು ಎಲ್ಲ ಅದರ ತುದಿಯೊಳಗೆ. ಗಂಡಸು ತಲೆ ಅಲ್ಲಾಡಿಸಿದರೆ ಏನೋ ಒಂದು ಗಲಗಲ ಎನ್ನಬೇಕು.

ಮರಿಯಾನ್ ನಮ್ಮ ಕಡೆಯ ಹುಡುಗಿ ಎಂಬುದರಲ್ಲಿ ನಮ್ಮೂರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಹಳೆಯ ಕುರುಬ ಸಿಬ್ರಿಯಾ ತಾತ ಅದನ್ನು ಬಿಡಿಸಿ ಹೇಳುತ್ತಿದ್ದ: "ಪ್ಯಾರಿಸ್ಸಿನವರಿಗೆ ಕೆಂಪು ಟೋಪಿ ಎಲ್ಲಿಂದ ಬರ್ಬೇಕು? ನಮ್ಮ ಕಡೆ ಹೆಣ್ಣು ಯಾವಳೋ ಅಲ್ಲಿಗೆ ಕೆಲಸಕ್ಕೆ ಹೋಗಿದ್ದಾಳೆ. ಅವರು ಏನೋ ಅಂದಿರ್ತಾರೆ. ಇವಳು ಗಂಡನ ಬರೆಟೀನ ತಲೆಗೇರಿಸ್ಕೊಂಡು ಜಗಳಕ್ಕೆ ನಿಂತಿದ್ದಾಳೆ. ರಾಜ ಓಡಿ ಹೋದ. ಅಷ್ಟೇ ಕಥೆ."

ಚಳಿಗಾಲ ಪೂರ್ತಿ ಗಲ್ದ್ರಿಕ್ ಕೊಟ್ಟಿಗೆಯ ಬಾಗಿಲಿಗೆ ಗೋಣಿ ಇಳಿಬಿಟ್ಟು ಕೆತ್ತಿದ. ಯಾರನ್ನೂ ಒಳಗೆ ಬಿಡಲಿಲ್ಲ. ನಾನು ಬೆಳ್ಳುಳ್ಳಿ ಉಜ್ಜಿದ ರೊಟ್ಟಿ ತೆಗೆದುಕೊಂಡು ಹೋದರೆ ಹೊರಗೆ ಬಂದು ತಿಂದು, ಮೀಸೆಯ ಮೇಲಿನ ಕಲ್ಲಿನ ಪುಡಿ ಒರೆಸಿಕೊಂಡು ಮತ್ತೆ ಒಳಗೆ ಹೋಗುತ್ತಿದ್ದ. ವಸಂತ ಬಂದ ಮೇಲೆ ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ ಮೂರ್ತಿಯನ್ನು ಚೌಕಕ್ಕೆ ತಂದರು. ನೀರಿನ ತೊಟ್ಟಿಯ ನಡುವೆ ಕಟ್ಟಿದ ಕಂಬದ ಮೇಲೆ ನಿಲ್ಲಿಸಿ ಬಟ್ಟೆ ಹೊದಿಸಿದರು.

ಅನಾವರಣಕ್ಕೆ ಕೆಲವು ವಾರ ಮೊದಲು ಜಿಲ್ಲಾ ಕಚೇರಿಯ ಸಾಹೇಬರು ಒಂದು ಸಲ ನೋಡಿ ಹೋಗಲು ಬಂದರು. ಸೆನ್ನೆನ್ ಬಟ್ಟೆ ಎಳೆದ. ಬಟ್ಟೆ ತೊಳೆಯುತ್ತಿದ್ದ ನಾವು ಹೆಂಗಸರೂ ಕೈ ಒರೆಸಿಕೊಂಡು ಹತ್ತಿರ ಹೋದೆವು.

ರೊಟ್ಟಿ ಅಂಗಡಿಯ ರೋಸೆರ್ ನನ್ನ ಪಕ್ಕೆ ತಿವಿದಳು. "ಸಿದೋನಿಯ ಅತ್ತೆ, ನಿಮ್ಮ ಮೂಗು!"

ನನ್ನ ಮೂಗೇ. ನನ್ನ ಹುಬ್ಬು, ನನ್ನ ಗಲ್ಲ, ಹರೆಯದಲ್ಲಿ ಇದ್ದ ಹಾಗೆ. ಕೋಪ ಬಂದಾಗ ಕೆಳತುಟಿ ಮುಂದೆ ಬರುವುದನ್ನೂ ಬಿಟ್ಟಿರಲಿಲ್ಲ ಆ ಮನುಷ್ಯ. ತಲೆಯ ಮೇಲೆ ಬರೆಟೀನ. ಅದರ ತುದಿ ಎಡಗಿವಿಯ ಪಕ್ಕದಿಂದ ಭುಜಕ್ಕೆ ಇಳಿದಿತ್ತು. ತುದಿಯೊಳಗೆ ಏನೋ ಇಟ್ಟ ಹಾಗೆ ಒಂದು ಗಂಟು ಉಬ್ಬಿತ್ತು.

ಸಾಹೇಬರು ಕನ್ನಡಕ ಏರಿಸಿದರು. "ಏನಿದು?"

"ಮರಿಯಾನ್, ಸ್ವಾಮಿ," ಎಂದ ಸೆನ್ನೆನ್.

"ಅದು ಗೊತ್ತು. ತಲೆ ಮೇಲಿರೋದು ಏನು? ಸ್ವಾತಂತ್ರ್ಯದ ಟೋಪಿ ಗಿಡ್ಡಕ್ಕಿರುತ್ತೆ. ತುದಿ ಮುಂದಕ್ಕೆ ಬಾಗಿರುತ್ತೆ. ಇದು ಕುರಿ ಕಾಯೋರ ಟೋಪಿ. ಮತ್ತೆ ಈ ಗಂಟು ಏನು?"

ಎಲ್ಲರೂ ಗಲ್ದ್ರಿಕ್ ಕಡೆ ನೋಡಿದರು. ಅವನು ನೆಲ ನೋಡುತ್ತ ಹೇಳಿದ: "ರೊಟ್ಟಿ."

"ರೊಟ್ಟಿ!" ಎಂದರು ಸಾಹೇಬರು. ಮೇಷ್ಟ್ರು ಪಾಪ, ಕೆಂಪಗಾಗಿ, ಮೆಲ್ಲಗೆ ವಿವರಿಸಿದರು. ಸ್ವಾತಂತ್ರ್ಯದ ಟೋಪಿ ಬಹಳ ಹಳೆಯದಂತೆ. ರೋಮಿನ ಕಾಲದಲ್ಲಿ ಯಜಮಾನ ಒಬ್ಬ ಗುಲಾಮನನ್ನು ಬಿಡುಗಡೆ ಮಾಡಿದ ದಿನ ಆ ಗುಲಾಮ ತಲೆಗೆ ಟೋಪಿ ಇಟ್ಟುಕೊಳ್ಳುತ್ತಿದ್ದನಂತೆ. ಕ್ರಾಂತಿಯವರು ಅದನ್ನೇ ಮರಿಯಾನಳ ತಲೆಗಿಟ್ಟರಂತೆ. ಅದಕ್ಕೊಂದು ಆಕಾರವಿದೆ, ಚಿತ್ರಗಳಿವೆ. "ನಾನು ಚಿತ್ರ ತೋರಿಸ್ಬೇಕಿತ್ತು, ಗಲ್ದ್ರಿಕ್. ಇದು ಬೇರೆ ಆಗುತ್ತೆ ಅಂತ ನನಗೆ ಹೊಳೀಲೇ ಇಲ್ಲ."

"ನಾನು ಕೇಳ್ಬೇಕಿತ್ತು," ಎಂದ ಗಲ್ದ್ರಿಕ್.

ಸಾಹೇಬರು ಹೊರಡುವ ಮೊದಲು ಕಡ್ಡಿ ಮುರಿದ ಹಾಗೆ ಹೇಳಿದರು: ಜೋಲುವ ಭಾಗ ಕತ್ತರಿಸಿ ಟೋಪಿ ಸರಿಪಡಿಸಬೇಕು. ಇಲ್ಲದಿದ್ದರೆ ತಾವು ಅನಾವರಣಕ್ಕೆ ಬರುವುದಿಲ್ಲ. ಸೆನ್ನೆನ್‌ನ ಪದಕ ಅವರ ಗಾಡಿಯ ಜೊತೆಗೇ ಬೆಟ್ಟ ಇಳಿದು ಹೋದ ಹಾಗಾಯಿತು. ಅವನು ಗಲ್ದ್ರಿಕ್‌ನ ಭುಜ ಹಿಡಿದ. "ಸರಿಮಾಡ್ತೀಯಲ್ಲ?"

"ಸರಿಮಾಡ್ತೀನಿ. ತಪ್ಪು ನಂದು."

ಆ ಕಲ್ಲಿನ ವಿಷಯ ನಾನು ಬಲ್ಲೆ. ಕಲ್ಲುಕುಟಿಗನ ಜೊತೆ ಬಾಳಿದವಳಿಗೆ ಅಷ್ಟೂ ತಿಳಿಯದೆ ಇರುತ್ತದೆಯೇ? ಟೋಪಿ ಜೋತಿದ್ದ ಕಡೆಯಿಂದಲೇ ಒಂದು ಬಿಳಿ ಎಳೆ ಹೊರಟು, ಕಿವಿಯ ಪಕ್ಕ ಹಾದು ಹಣೆಯವರೆಗೆ ಹೋಗಿತ್ತು. ಅಲ್ಲಿ ಜೋರಾಗಿ ಉಳಿ ಬಿದ್ದರೆ ಮುಖ ಸೀಳುತ್ತದೆ. ಮನೆಗೆ ಬಂದು ಒಲೆಯ ಮೇಲಿನ ಮಡಕೆಗೆ ಕೋಸು ಹೆಚ್ಚಿ ಹಾಕುತ್ತ ಕೇಳಿದೆ.

"ಮುಖ ಸೀಳಿದ್ರೆ?"

"ಸೀಳಿದ್ರೆ ಸೀಳ್ತು. ಬೇರೆ ಕಲ್ಲು ತಂದು ಬೇರೆ ಮುಖ ಮಾಡ್ತೀನಿ."

"ಯಾರ ಮುಖ? ಸೆನ್ನೆನ್ ಹೆಂಡ್ತೀದಾ?"

"ಅಷ್ಟು ದೊಡ್ಡ ಕಲ್ಲು ಎಲ್ಲಿ ಸಿಗುತ್ತೆ?"

ನನಗೆ ನಗು ಬಂತು. ಅವನಿಗೆ ಬರಲಿಲ್ಲ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ತಪ್ಪು ಕೆತ್ತಿದ ಕಲ್ಲನ್ನು ಕೆತ್ತಿದ ಕೈಯೇ ಸರಿಪಡಿಸಬೇಕು ಎಂಬುದು ಅವನ ಕಸುಬಿನವರ ಕಟ್ಟುಪಾಡು. ಅವನ ಅಪ್ಪ ಓರೆಯಾದ ಸೇತುವೆಯ ಕಮಾನನ್ನು ತಾನೇ ಕೆಡವಿದ್ದನಂತೆ. ಇವನೂ ಕೆಡವುತ್ತಾನೆ, ತನ್ನ ಜನ್ಮದಲ್ಲೇ ಮಾಡಿದ ಅತ್ಯುತ್ತಮ ಕೆಲಸವನ್ನು. ನನ್ನ ಮುಖವೆಂದು ನಾನು ಹೀಗೆ ಹೇಳುತ್ತಿಲ್ಲ. ಸರಿ, ಸ್ವಲ್ಪ ಅದಕ್ಕೂ ಹೇಳುತ್ತಿದ್ದೇನೆ.

ಟೋಪಿಯಲ್ಲಿ ರೊಟ್ಟಿ ಯಾಕಿತ್ತು ಎಂದು ಊರಿನವರು ಆ ವಾರವೆಲ್ಲ ತಲೆ ಕೆಡಿಸಿಕೊಂಡರು. ಹೇಳುತ್ತೇನೆ.

ನಾನು ಚಿಕ್ಕವಳಿದ್ದಾಗಲೇ ನಮ್ಮಪ್ಪ ನನ್ನನ್ನು ಬೆಟ್ಟದಾಚೆಯ ಒಂದು ದೊಡ್ಡ ಜಮೀನ್ದಾರರ ಮನೆಯಲ್ಲಿ ಕೆಲಸಕ್ಕೆ ಬಿಟ್ಟು ಹೋದ. ಮತ್ತೆ ಬರಲಿಲ್ಲ. ಅಲ್ಲಿ ಅಡುಗೆಮನೆಯ ಪಕ್ಕ ಒಂದು ಗಂಟೆ ಇತ್ತು. ಅದು ಹೊಡೆದರೆ ನಾನು ಓಡಬೇಕು. ಊಟ ಮಾಡುತ್ತಿರಲಿ, ಮಲಗಿರಲಿ, ಓಡಬೇಕು. ಬೆಳೆದು ದೊಡ್ಡವಳಾದ ಮೇಲೆ ಹೋಗುತ್ತೇನೆಂದರೆ ಯಜಮಾನಿ, "ನಿಮ್ಮಪ್ಪ ಬರ್ಲಿ, ಅವನ ಕೈಗೆ ಒಪ್ಪಿಸ್ತೀನಿ," ಎನ್ನುತ್ತಿದ್ದಳು. ಹೊರಗೋಡೆಗೆ ಒಂದೇ ಬಾಗಿಲು, ಅದರ ಪಕ್ಕ ಅವಳ ಕುರ್ಚಿ.

ಒಂದು ವರ್ಷ ಆ ಮನೆಯ ಬಾವಿಕಟ್ಟೆ ಕಟ್ಟಲು ಕಲ್ಲುಕುಟಿಗರು ಬಂದರು. ಅವರಲ್ಲೊಬ್ಬ, ಮಾತೇ ಆಡದವನು, ನಾನು ನೀರು ಸೇದುವಾಗಲೆಲ್ಲ ಹಗ್ಗ ಎಳೆದುಕೊಡುತ್ತಿದ್ದ. ಕೆಲಸ ಮುಗಿದ ಸಂಜೆ ಅವನು ತನ್ನ ಬರೆಟೀನ ತೆಗೆದು ನನ್ನ ಕೈಗಿಟ್ಟ. "ಕೂದಲು ಒಳಗೆ ಸೇರಿಸ್ಕೋ. ಕಂಬಳಿ ಹೊದ್ಕೋ. ನಮ್ಮ ನಡುವೆ ನಡಿ," ಎಂದ. ತುದಿಯೊಳಗೆ ದಾರಿಗೆಂದು ಅರ್ಧ ರೊಟ್ಟಿ ಇಟ್ಟಿದ್ದ. ಅದು ಭುಜಕ್ಕೆ ಬಡಿಯುತ್ತಿತ್ತು. ಯಜಮಾನಿ ಕುರ್ಚಿಯಲ್ಲೇ ಕೂತಿದ್ದಳು. ಒಬ್ಬೊಬ್ಬರಾಗಿ ದಾಟಿದೆವು. ಕೊನೆಯವಳು ನಾನು. ಅವಳು ನನ್ನನ್ನೇ ನೋಡಿ ಹೇಳಿದಳು:

"ಏ ಹುಡುಗ, ಬಾಗಿಲು ಎಳ್ಕೊಂಡು ಹೋಗು."

ಎಳೆದುಕೊಂಡು ಹೋದೆ. ಮುಂದಿನದು ಊರಿಗೆ ಗೊತ್ತು. ಆ ಕಲ್ಲುಕುಟಿಗನನ್ನೇ ಮದುವೆಯಾದೆ.

ಭಾನುವಾರ ಮೇಯರ್ ಕಚೇರಿಯಲ್ಲಿ ಊರ ಸಭೆ ಕರೆದರು. ಟೋಪಿ ಕತ್ತರಿಸುವುದಕ್ಕೆ ಸದಸ್ಯರ ಒಪ್ಪಿಗೆ ಬೇಕಿತ್ತು. ಗಲ್ದ್ರಿಕ್‌ನನ್ನು ಬೆಂಚಿನ ಮೇಲೆ ಕೂರಿಸಿದ್ದರು. ನಾನು ಪೆಟ್ಟಿಗೆಯಿಂದ ಅವನ ಹಬ್ಬದ ಕೆಂಪು ಬರೆಟೀನ ತೆಗೆದೆ. ಆ ಹಳೆಯದಲ್ಲ, ಅದನ್ನು ಯಾವತ್ತೋ ನುಸಿ ತಿಂದು ಹಾಕಿತ್ತು. ಬಿಳಿ ಕುಲಾವಿ ಬಿಚ್ಚಿಟ್ಟು ಇದನ್ನು ತಲೆಗೇರಿಸಿಕೊಂಡು ಹೋಗಿ ಬಾಗಿಲಲ್ಲಿ ನಿಂತೆ. ನಮ್ಮಲ್ಲಿ ಹೆಂಗಸರು ಬರೆಟೀನ ಮುಟ್ಟುವುದು ಒಗೆಯುವಾಗ ಮಾತ್ರ. ಸದಸ್ಯರ ತಲೆಗಳೆಲ್ಲ ಬಾಗಿಲ ಕಡೆ ತಿರುಗಿದವು.

ಸೆನ್ನೆನ್ ಗಂಟಲು ಸರಿಮಾಡಿಕೊಂಡ. "ಸಿದೋನಿಯ ಅತ್ತೆ, ಇದು ಸರ್ಕಾರಿ ಕಚೇರಿ. ಇಲ್ಲಿ ಟೋಪಿ ತೆಗೀಬೇಕು."

"ತೆಗೆಯೋದು ಗಂಡಸರು ಕಣಪ್ಪ. ಹೆಂಗಸರು ತಲೆ ಮೇಲಿಂದು ತೆಗೆಯೋ ಪದ್ಧತಿ ಎಲ್ಲಿದೆ? ನಿನ್ನ ಹೆಂಡ್ತಿ ಆ ಹೂವಿನ ತೋಟದಂಥ ಟೋಪೀನ ಚರ್ಚಿನಲ್ಲೂ ತಲೆಯಿಂದ ಇಳಿಸಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದ ಹಾಗೆ ನಕ್ಕರು. "ಇಲ್ಲಿ ಸದಸ್ಯರು ಮಾತ್ರ ಮಾತಾಡ್ಬೇಕು," ಎಂದ ಸೆನ್ನೆನ್.

"ನಾನು ಮಾತಾಡಲ್ಲ. ಮೇಷ್ಟ್ರಿಗೆ ಒಂದು ಪ್ರಶ್ನೆ ಕೇಳ್ತೀನಿ. ನಮ್ಮನೇಲಿ ಪ್ರಶ್ನೆ ಕೇಳೋ ಕೆಲಸ ನಂದೇ."

ಮೇಷ್ಟ್ರು ಎದ್ದು ನಿಂತರು. ಒಳ್ಳೆಯ ಮನುಷ್ಯ, ಹೆಂಗಸರ ಮುಂದೆ ಕೂತುಕೊಂಡು ಮಾತಾಡುವವರಲ್ಲ.

"ಮೇಷ್ಟ್ರೇ, ಆ ರೋಮಿನ ಆಳು ಬಿಡುಗಡೆ ದಿನ ಟೋಪಿ ಯಾಕೆ ಇಟ್ಕೊಳ್ತಿದ್ದ?"

"ಇನ್ಮೇಲೆ ನಾನು ಯಾರ ಆಳೂ ಅಲ್ಲ ಅಂತ ನೋಡಿದವರಿಗೆ ಗೊತ್ತಾಗ್ಲಿ ಅಂತ, ಅಮ್ಮ."

"ಸರಿ. ನಾನು ಬಿಡುಗಡೆಯಾದ ದಿನ ಇಂಥದ್ದು ಇಟ್ಕೊಂಡಿದ್ದೆ." ಆಮೇಲೆ ಆ ಗಂಟೆ, ಆ ಕುರ್ಚಿ, ಆ ಬಾಗಿಲು ಎಲ್ಲ ಹೇಳಿದೆ. ನಾನು ಓಡಿಬಂದ ಸುದ್ದಿಯಷ್ಟೇ ಊರಿಗೆ ತಿಳಿದಿತ್ತು, ಟೋಪಿಯ ಸುದ್ದಿ ತಿಳಿದಿರಲಿಲ್ಲ. ಯಜಮಾನಿ ಬಾಗಿಲು ಎಳೆದುಕೊಳ್ಳಲು ಹೇಳಿದ ಕಡೆಗೆ ಕಥೆ ಬಂದಾಗ ಸಿಬ್ರಿಯಾ ತಾತ ತೊಡೆ ತಟ್ಟಿಕೊಂಡು ನಕ್ಕ. ನಕ್ಕು ನಕ್ಕು ಕಣ್ಣು ಒರೆಸಿಕೊಂಡ, ಒರೆಸಿಕೊಳ್ಳುವುದು ನಿಲ್ಲಲೇ ಇಲ್ಲ.

"ಪ್ಯಾರಿಸ್ಸಿನ ಟೋಪಿ ಹೇಗಿರುತ್ತೋ ನಂಗೆ ಬೇಡ," ಎಂದೆ. "ಆ ಮೂರ್ತಿ ತಲೆ ಮೇಲಿರೋದನ್ನ ನಾನು ಇಟ್ಕೊಂಡು ನಡೆದು ನೋಡಿದ್ದೀನಿ. ಅದು ಕೆಲಸ ಮಾಡುತ್ತೆ."

"ತಾತ, ನೀವೇನಂತೀರಿ?" ಎಂದ ಸೆನ್ನೆನ್, ಸೋತ ದನಿಯಲ್ಲಿ.

"ನಾನೇನನ್ನೋದು? ನಾನು ಮೊದ್ಲೇ ಹೇಳಿರ್ಲಿಲ್ವಾ, ಅವಳು ನಮ್ಮ ಕಡೆ ಹುಡುಗಿ ಅಂತ?"

ಟೋಪಿ ಹಾಗೇ ಇರಲಿ ಎನ್ನುವವರು ಕೈಯೆತ್ತಬೇಕಾಯಿತು. ಸದಸ್ಯರೆಲ್ಲ ತಮ್ಮ ಬರೆಟೀನಗಳನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರಲ್ಲ, ಎತ್ತಿದ ಕೈಗಳಲ್ಲೆಲ್ಲ ಅವೇ. ಕೆಂಪು, ಕಂದು, ಒಂದೆರಡು ಕಪ್ಪು. ಯಾರದೋ ಟೋಪಿಯಿಂದ ಚಾಕು ಜಾರಿ ನೆಲಕ್ಕೆ ಬಿತ್ತು. ಸೆನ್ನೆನ್ ಕಿಟಕಿಯಾಚೆ ತನ್ನ ಅಂಜೂರದ ಗಿಡದ ಕಡೆ ನೋಡಿದ. ಮೇಷ್ಟ್ರು ನನ್ನ ಹತ್ತಿರ ಬಂದು ಕೇಳಿದರು: "ಇದನ್ನ ನಾನು ಮಕ್ಕಳಿಗೆ ಪಾಠದಲ್ಲಿ ಹೇಳ್ಬಹುದಾ, ಅಮ್ಮ?"

"ಹೇಳಿ. ಆದ್ರೆ ಮಕ್ಕಳ ತಲೆಯಿಂದ ಟೋಪಿ ತೆಗೆಸಿ ಹೇಳ್ಬೇಡಿ."

ನಾನು ಗೆದ್ದೆನೆಂದು ಹಿಗ್ಗಿ ಬೆಂಚಿನ ಕಡೆ ತಿರುಗಿದರೆ ಗಲ್ದ್ರಿಕ್ ಎದ್ದು ನಿಂತಿದ್ದ. "ಕೈಯೆತ್ತಿದ್ರೆ ಕಲ್ಲು ಸರಿಹೋಗಲ್ಲ," ಎಂದು ಹೇಳಿ ಹೊರಗೆ ನಡೆದ.

ಓಡಿದೆ. ಈ ಮೊಣಕಾಲುಗಳನ್ನಿಟ್ಟುಕೊಂಡು ಎಷ್ಟು ಓಡಬಹುದೋ ಅಷ್ಟು. ಅವನು ಆಗಲೇ ಏಣಿ ಹತ್ತಿದ್ದ. ಉಳಿಯ ಬಾಯಿ ಬಿಳಿ ಎಳೆಯ ಪಕ್ಕದಲ್ಲಿತ್ತು, ಇನ್ನೊಂದು ಕೈಯಲ್ಲಿ ಸುತ್ತಿಗೆ.

"ಇಳಿ ಕೆಳಗೆ."

"ನೀನು ಮನೆಗೆ ಹೋಗು, ಸಿದೋ. ಕಲ್ಲು ಹಾರುತ್ತೆ."

"ಹಾರ್ಲಿ. ಊರೇ ಬೇಕು ಅಂದಿದೆ, ನಿಂದೇನು?"

"ಊರು ಮರುಕಪಟ್ಟು ಬಿಟ್ಟದ್ದನ್ನ ಕೆಲಸ ಅನ್ನಲ್ಲ." ಅವನು ನನ್ನ ಕಡೆ ನೋಡಲಿಲ್ಲ, ಕಲ್ಲಿನ ಕಡೆಯೇ ನೋಡುತ್ತಿದ್ದ. "ಮರಿಯಾನ್ ಮಾಡು ಅಂದ್ರು. ನಾನು ಅವಳನ್ನೇ ನೆನೆಸ್ಕೊಳ್ಳೋಕೆ ಕೂತೆ. ಆದ್ರೆ ಕಣ್ಣಿಗೆ ಬರೋದೇ ನೀನು ಆ ಬಾಗಿಲು ಎಳ್ಕೊಳ್ತಿದ್ದದ್ದು. ಕಸುಬಲ್ಲಿ ಅದು ತಪ್ಪು. ಕೇಳಿದ್ದನ್ನ ಮಾಡ್ಬೇಕು, ಇಷ್ಟಪಟ್ಟದ್ದನ್ನಲ್ಲ. ಅದೂ ಅಲ್ದೆ..."

"ಅದೂ ಅಲ್ದೆ ಏನು?"

"ಬಿಡುಗಡೆ ಅಂತೀಯ. ಯಾವ ಬಿಡುಗಡೆ? ನಿಂಗೆ ಬೇರೆ ದಾರಿ ಇರ್ಲಿಲ್ಲ. ಅದಕ್ಕೇ ನನ್ನ ಹಿಂದೆ ಬಂದೆ. ಅಲ್ಲಿಂದ ಬಿಡಿಸಿ ಇಲ್ಲಿ ಒಲೆ ಮುಂದೆ ಕೂರಿಸ್ದೆ. ಒಂದು ಮನೆ ಬಿಟ್ಟು ಇನ್ನೊಂದು ಮನೆ, ಅಷ್ಟೇ ಅಲ್ವಾ?"

ಇಷ್ಟು ವರ್ಷ ಇದನ್ನು ಎದೆಯಲ್ಲಿಟ್ಟುಕೊಂಡು ಈ ಮನುಷ್ಯ ನನ್ನ ಪಕ್ಕ ಮಲಗಿದ್ದನೇ? ಕೋಸಿನ ಸಾರು ಉಂಡು, ಚೆನ್ನಾಗಿದೆ ಎಂದೂ ಹೇಳದೆ ತಲೆಯಾಡಿಸಿದ್ದನೇ? ಪ್ರಶ್ನೆ ಕೇಳದವನ ಗತಿ ನೋಡಿ.

"ಗಲ್ದ್ರಿಕ್," ಎಂದೆ. "ಅವತ್ತು ಆ ಬಾಗಿಲು ದಾಟಿ ಬಂದ ಮೇಲೆ ಕವಲುದಾರೀಲಿ ನೀನು ಏನಂದೆ, ನೆನಪಿದೆಯಾ?"

"ಇಲ್ಲ."

"ನಂಗಿದೆ. 'ಎಲ್ಲಿಗೆ ಹೋಗ್ತೀಯೋ ಹೋಗು, ಟೋಪಿ ನಿನ್ನ ಹತ್ರಾನೇ ಇರ್ಲಿ,' ಅಂದೆ. ನನ್ನ ಜೊತೆ ಬಾ ಅನ್ಲಿಲ್ಲ. ತಿರುಗಿ ಕೂಡ ನೋಡ್ದೆ ಹೋದೆ. ನಾನು ಅಲ್ಲೇ ಕಲ್ಲಿನ ಮೇಲೆ ಕೂತು ರೊಟ್ಟಿ ತಿಂದೆ. ಗಂಟೆ ಹೊಡೀಲಿಲ್ಲ. ಯಾರೂ ಕರೀಲಿಲ್ಲ. ಹುಟ್ಟಿದ ಮೇಲೆ ಕೈಲಿದ್ದ ರೊಟ್ಟೀನ ಮುಗಿಯೋವರೆಗೂ ಕೂತು ತಿಂದದ್ದು ಅವತ್ತೇ. ಎಡಗಡೆ ದಾರಿ ನಮ್ಮಕ್ಕನ ಊರಿಗೆ. ಅವಳ ಗಂಡ ಒಳ್ಳೆಯವನು, ಮನೇಲಿ ಜಾಗ ಇತ್ತು. ಕೆಳಗಿನ ದಾರಿ ಪೇಟೆಗೆ. ರೊಟ್ಟಿ ಮುಗಿಯೋವರೆಗೂ ಯೋಚನೆ ಮಾಡಿದೆ. ಆಮೇಲೆ ಎದ್ದು ನಿನ್ನ ಹಿಂದೆ ಬಂದೆ. ಬೇರೆ ದಾರಿ ಇರ್ಲಿಲ್ಲ ಅಂತಲ್ಲ, ಪೆದ್ದ. ಇದ್ದ ದಾರೀಲೆಲ್ಲ ನೀನೇ ಬೇಕು ಅಂತ."

ಅವನು ಏಣಿಯ ಮೇಲಿಂದ ನನ್ನ ಕಡೆ ತಿರುಗಿದ.

"ಅಕ್ಕ ಇದ್ಲಾ?" ಎಂದ.

"ಮದುವೆಗೆ ಬಂದಿದ್ಲಲ್ಲೋ! ನಿನ್ನ ಪಕ್ಕದಲ್ಲೇ ಕೂತು ಉಂಡ್ಲು."

"ಅವಳ ಊರು ಯಾವ ಕಡೆ ಅಂತ ನಾನು ಕೇಳ್ಲಿಲ್ಲ."

"ನೀನು ಯಾವತ್ತು ಕೇಳಿದ್ದೆ?"

ಅವನು ಉಳಿಯನ್ನು ತನ್ನ ತಲೆಯ ಬರೆಟೀನದ ತುದಿಯೊಳಗೆ ಇಳಿಬಿಟ್ಟು, ಒಂದೊಂದೇ ಮೆಟ್ಟಿಲು ಇಳಿದ. ಕೆಳಗೆ ಬಂದು ನನ್ನ ಮುಂದೆ ನಿಂತು, ಕಲ್ಲಿನ ಮುಖ ನೋಡಿ, ನನ್ನ ಮುಖ ನೋಡಿ, ಮತ್ತೆ ಕಲ್ಲಿನದು ನೋಡಿದ. "ಹಾಗಿದ್ರೆ ತಪ್ಪಿಲ್ಲ," ಎಂದ. ಅವನ ಕೈಯಲ್ಲಿದ್ದ ಸುತ್ತಿಗೆಯನ್ನು ನಾನು ಇಸಿದುಕೊಂಡೆ.

ಜುಲೈ ಹದಿನಾಲ್ಕು, ಕ್ರಾಂತಿಯ ಹಬ್ಬದ ದಿನ, ಅನಾವರಣಕ್ಕೆ ಸಾಹೇಬರು ಬರಲಿಲ್ಲ. ಹೊಟ್ಟೆ ಸರಿಯಿಲ್ಲವೆಂದು ಹೇಳಿ ಕಳಿಸಿದರು. ಸೆನ್ನೆನ್ ಮೂರು ಬಣ್ಣದ ಪಟ್ಟಿ ಸೊಂಟಕ್ಕೆ ಸುತ್ತಿಕೊಂಡು ತಾನೇ ಬಟ್ಟೆ ಎಳೆದ. ಎಲ್ಲರೂ ಕೂಗಿದಾಗ ಅವನಿಗೂ ಉಮೇದು ಬಂತು. ಸಾಹೇಬರಿಗೆಂದು ಕೊಯ್ದಿದ್ದ ಅಂಜೂರವನ್ನು ಮಕ್ಕಳಿಗೆ ಹಂಚಿದ. ಗಣರಾಜ್ಯವೆಂದರೆ ಆಗದ ಪಾದ್ರಿಯವರು ಬರಲಿಲ್ಲ, ಆದರೆ ಗೋಪುರದಿಂದ ಇಣುಕಿ ನೋಡಿದ್ದನ್ನು ರೋಸೆರ್ ಕಂಡಳು. ವಾದ್ಯದವರು ರಾಷ್ಟ್ರಗೀತೆ ಎತ್ತಿಕೊಂಡರು. ಗಂಡಸರೆಲ್ಲ ಟೋಪಿ ತೆಗೆದು, ಮೂರ್ತಿಯ ಕಡೆಗೆ ಮುಖ ಮಾಡಿ ನಿಂತರು.

ಗಲ್ದ್ರಿಕ್ ಮೂರ್ತಿಗೆ ಬೆನ್ನು ಹಾಕಿದ್ದ. ಟೋಪಿ ಎದೆಗೆ ಒತ್ತಿಕೊಂಡು, ಬೋಳುತಲೆಯನ್ನು ಬಿಸಿಲಿಗೆ ಒಡ್ಡಿಕೊಂಡು, ಹೆಂಗಸರ ಸಾಲಿನಲ್ಲಿ ನಿಂತಿದ್ದ ನನ್ನ ಕಡೆಗೆ ತಿರುಗಿ ನಿಂತಿದ್ದ.

"ಏ ಗಲ್ದ್ರಿಕ್," ಎಂದ ಸಿಬ್ರಿಯಾ ತಾತ. "ಮರಿಯಾನ್ ಆ ಕಡೆ ಇದ್ದಾಳೋ."

ಅವನು ಅಲ್ಲಾಡಲಿಲ್ಲ. ಊರೆಲ್ಲ ನಮ್ಮನ್ನೇ ನೋಡುತ್ತಿತ್ತು. ನನಗೆ ಈ ವಯಸ್ಸಿನಲ್ಲಿ ಮುಖ ಎಲ್ಲಿಡಲಿ ಎನ್ನುವ ಹಾಗಾಯಿತು. ಅವನನ್ನು ಗದರಿದೆ.

"ಸಾಕು. ಬಿಸಿಲಿದೆ, ಟೋಪಿ ತಲೆಗಿಟ್ಕೋ."

"ತಡಿ," ಎಂದ. "ಹಾಡು ಇನ್ನೂ ಮುಗಿದಿಲ್ಲ."